ಮತದಾನಕ್ಕೆ ಹದಿನೈದು ದಿನ, ತಯಾರಿಗೆ ಐದು ವರ್ಷ: ಸ್ಥಳೀಯ ಚುನಾವಣೆ ಎಲ್ಲಿ ಸಿಕ್ಕಿಕೊಳ್ಳುತ್ತದೆ?

2020ರ ಗ್ರಾಮ ಪಂಚಾಯಿತಿ ಚುನಾವಣೆಯ ಮೊದಲ ಹಂತದ ವೇಳಾಪಟ್ಟಿಯನ್ನು ಒಮ್ಮೆ ನೆನಪಿಸಿಕೊಳ್ಳಿ. ಡಿಸೆಂಬರ್ 7ಕ್ಕೆ ಅಧಿಸೂಚನೆ. 11ಕ್ಕೆ ನಾಮಪತ್ರ ಸಲ್ಲಿಕೆ ಮುಗಿಯಿತು, 12ಕ್ಕೆ ಪರಿಶೀಲನೆ, 14 ವಾಪಸ್ ಪಡೆಯಲು ಕೊನೇ ದಿನ, 22ಕ್ಕೆ ಮತದಾನ. ಕೋವಿಡ್ ಕಾಲದಲ್ಲೂ ಅಧಿಸೂಚನೆಯಿಂದ ಮತಗಟ್ಟೆಯವರೆಗೆ ಹಿಡಿದದ್ದು ಹದಿನೈದೇ ದಿನ.

ಈಗ ಇನ್ನೊಂದು ಕಡೆ ನೋಡಿ. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳಿಗೆ ಕೊನೆಯ ಬಾರಿ ಮತ ಹಾಕಿದ್ದು 2016ರ ಫೆಬ್ರುವರಿಯಲ್ಲಿ. ಸದಸ್ಯರ ಅವಧಿ 2021ರ ಮಧ್ಯದ ಹೊತ್ತಿಗೆ ಮುಗಿಯಿತು. 2025 ಮುಗಿಯುವಾಗಲೂ ಅಲ್ಲಿ ಆಡಳಿತಾಧಿಕಾರಿಗಳೇ ಕೂತಿದ್ದರು. ಬೆಂಗಳೂರಿನ ಪಾಲಿಕೆ ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್ 10ಕ್ಕೆ. ಅಲ್ಲೂ ಅದೇ ಕಥೆ.

‘ಸರ್ಕಾರಕ್ಕೆ ಚುನಾವಣೆ ಬೇಕಿಲ್ಲ’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡಬಹುದು. ಅದು ಸುಳ್ಳೇನೂ ಅಲ್ಲ. ಆದರೆ ಬೇಡ ಎನ್ನುವ ಅಧಿಕಾರ ಸಂವಿಧಾನದಲ್ಲಿ ಯಾವ ಸರ್ಕಾರಕ್ಕೂ ಇಲ್ಲ. ಹಾಗಾದರೆ ಮುಂದೂಡುವುದು ಹೇಗೆ ಸಾಧ್ಯವಾಗುತ್ತದೆ? ಉತ್ತರ ಎರಡು ಕಾಗದಗಳಲ್ಲಿದೆ: ಕ್ಷೇತ್ರ ಪುನರ್‌ವಿಂಗಡಣೆಯ ಅಧಿಸೂಚನೆ ಮತ್ತು ಮೀಸಲಾತಿ ಪಟ್ಟಿ. ಈ ಎರಡೂ ಕೈಗೆ ಸಿಗದೆ ಚುನಾವಣಾ ಆಯೋಗ ಒಂದು ಹೆಜ್ಜೆಯೂ ಮುಂದಿಡಲಾರದು ಎಂಬುದು ಬಹುಕಾಲದ ನಂಬಿಕೆಯಾಗಿತ್ತು. ಕಳೆದ ಕೆಲವು ವರ್ಷಗಳಲ್ಲಿ ನ್ಯಾಯಾಲಯಗಳು ಮುರಿಯಲು ಹೊರಟಿರುವುದು ಈ ನಂಬಿಕೆಯನ್ನೇ.

ಐದು ವರ್ಷ ಎಂದರೆ ಯಾವಾಗಿನಿಂದ?

1993ರಲ್ಲಿ ಜಾರಿಗೆ ಬಂದ 73 ಮತ್ತು 74ನೇ ತಿದ್ದುಪಡಿಗಳು ಪಂಚಾಯಿತಿ, ನಗರಸಭೆಗಳಿಗೆ ಸಂವಿಧಾನದ ಆಸರೆ ಕೊಟ್ಟವು. ಪಂಚಾಯಿತಿಗಳಿಗೆ 243ಇ ವಿಧಿ, ನಗರ ಸಂಸ್ಥೆಗಳಿಗೆ 243ಯು ವಿಧಿ ಹೇಳುವುದು ಒಂದೇ: ಅವಧಿ ಐದು ವರ್ಷ, ‘ಅದಕ್ಕಿಂತ ಹೆಚ್ಚಿಲ್ಲ’. ಹೊಸ ಚುನಾವಣೆ ಆ ಅವಧಿ ಮುಗಿಯುವ ಮುನ್ನವೇ ಪೂರ್ಣಗೊಳ್ಳಬೇಕು. ನಡುವೆ ವಿಸರ್ಜನೆಯಾದರೆ ಆರು ತಿಂಗಳೊಳಗೆ.

ಇಲ್ಲೊಂದು ಸೂಕ್ಷ್ಮವಿದೆ, ಊರಿನ ಕಟ್ಟೆಯ ಮೇಲೆ ಲೆಕ್ಕ ಹಾಕುವವರು ಸಾಮಾನ್ಯವಾಗಿ ತಪ್ಪುವುದೂ ಇಲ್ಲೇ. ಐದು ವರ್ಷವನ್ನು ಫಲಿತಾಂಶದ ದಿನದಿಂದ ಎಣಿಸುವುದಿಲ್ಲ, ಮೊದಲ ಸಭೆಗೆ ಗೊತ್ತುಪಡಿಸಿದ ದಿನದಿಂದ ಎಣಿಸುತ್ತಾರೆ. ಹಾಗಾಗಿ ಒಂದೇ ದಿನ ಮತ ಹಾಕಿದ ಎರಡು ಪಂಚಾಯಿತಿಗಳ ಅವಧಿ ಬೇರೆ ಬೇರೆ ದಿನ ಮುಗಿಯಬಹುದು.

ಈ ಸೂಕ್ಷ್ಮ ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ ಕರ್ನಾಟಕದ ಪಟ್ಟಣಗಳೇ ಸಾಕ್ಷಿ. 2018ರ ಆಗಸ್ಟ್ 31ರಂದು ನೂರಕ್ಕೂ ಹೆಚ್ಚು ನಗರ ಸಂಸ್ಥೆಗಳಲ್ಲಿ ಮತದಾನ ಆಯಿತು. ಸದಸ್ಯರು ಗೆದ್ದರು, ಹಾರ ಹಾಕಿಸಿಕೊಂಡರು. ಆದರೆ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ಕೋರ್ಟು ಹತ್ತಿತು. 2020ರ ಕೊನೆಯವರೆಗೆ ಬಹುತೇಕ ಕಡೆ ಅಧ್ಯಕ್ಷರೇ ಇರಲಿಲ್ಲ. ಎರಡು ವರ್ಷ ಸದಸ್ಯರಿದ್ದರು, ಸಭೆ ಇರಲಿಲ್ಲ. ಮೊದಲ ಮೂವತ್ತು ತಿಂಗಳ ಅವಧಿ ಮುಗಿದ ಮೇಲೆ ಇದೇ ಆಟ ಮತ್ತೊಮ್ಮೆ: ಎರಡನೇ ಅವಧಿಯ ಅಧ್ಯಕ್ಷ ಸ್ಥಾನದ ಮೀಸಲಾತಿ ಪ್ರಕಟವಾಗಲು 2024ರ ಆಗಸ್ಟ್ ಬರಬೇಕಾಯಿತು. ಚುನಾವಣೆ ನಡೆದ ಮಾತ್ರಕ್ಕೆ ಆಡಳಿತ ಶುರುವಾಗುವುದಿಲ್ಲ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ.

ಗಡುವಿನ ಬಗ್ಗೆ ಸುಪ್ರೀಂ ಕೋರ್ಟ್‌ನ ನಿಲುವು ಹೊಸದಲ್ಲ. 2006ರ ಅಕ್ಟೋಬರ್‌ನಲ್ಲಿ, ಅಹಮದಾಬಾದ್ ಪಾಲಿಕೆಯ ಕಿಶನ್‌ಸಿಂಗ್ ತೋಮರ್ ಪ್ರಕರಣದಲ್ಲಿ, ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಮೂರು ವಿಷಯಗಳನ್ನು ಸ್ಪಷ್ಟಪಡಿಸಿತು. ಐದು ವರ್ಷದ ಮಿತಿ ಕಡ್ಡಾಯ. ಪ್ರವಾಹ, ಭೂಕಂಪದಂಥ ತೀರಾ ಅಸಾಮಾನ್ಯ ಸಂದರ್ಭ ಬಿಟ್ಟರೆ ಮುಂದೂಡುವಂತಿಲ್ಲ. ರಾಜ್ಯ ಚುನಾವಣಾ ಆಯೋಗಕ್ಕೆ ತನ್ನ ಕ್ಷೇತ್ರದಲ್ಲಿ ಕೇಂದ್ರ ಚುನಾವಣಾ ಆಯೋಗಕ್ಕಿರುವಷ್ಟೇ ಅಧಿಕಾರವಿದೆ. ರಾಜ್ಯ ಸರ್ಕಾರ ಸಹಕರಿಸದಿದ್ದರೆ ಆಯೋಗ ಮೊದಲು ಹೈಕೋರ್ಟ್‌ಗೆ, ಅಗತ್ಯವಿದ್ದರೆ ಸುಪ್ರೀಂ ಕೋರ್ಟ್‌ಗೆ ಹೋಗಬಹುದು. ಒಂದು ಸಾಂವಿಧಾನಿಕ ಸಂಸ್ಥೆ ತನ್ನದೇ ಸರ್ಕಾರದ ಮೇಲೆ ದಾವೆ ಹೂಡುವುದು ನಮಗೆ ವಿಚಿತ್ರವಾಗಿ ಕಾಣಬಹುದು. ಆದರೆ ಕರ್ನಾಟಕದ ಆಯೋಗ ಜಿ.ಪಂ., ತಾ.ಪಂ. ವಿಷಯದಲ್ಲಿ ಹಿಡಿದದ್ದು ಇದೇ ದಾರಿ.

ಮೊದಲ ಕಾಗದ: ಗಡಿ ಗೆರೆ

ಪುನರ್‌ವಿಂಗಡಣೆ ಎಂದರೆ ಜನಸಂಖ್ಯೆಯನ್ನು ಸ್ಥಾನಗಳಿಗೆ ಹಂಚುವುದು. ಗ್ರಾಮ ಪಂಚಾಯಿತಿಯಲ್ಲಿ ಸುಮಾರು 400 ಜನರಿಗೆ ಒಬ್ಬ ಸದಸ್ಯ. ಆಧಾರ ಕೊನೆಯದಾಗಿ ಪ್ರಕಟವಾದ ಜನಗಣತಿ, ಅಂದರೆ 2011ರದ್ದು. 2011ರಲ್ಲಿ ಖಾಲಿ ಸೈಟುಗಳಿದ್ದ ಬಡಾವಣೆಯಲ್ಲಿ ಇಂದು ಅಪಾರ್ಟ್‌ಮೆಂಟ್ ಸಾಲು ನಿಂತಿದ್ದರೂ ಕಾಗದದಲ್ಲಿ ಅಲ್ಲಿ ಯಾರೂ ಇಲ್ಲ. ಇದರಿಂದ ಒಂದು ವಾರ್ಡಿನಲ್ಲಿ ಜನಸಂಖ್ಯೆಗಿಂತ ಮತದಾರರೇ ಹೆಚ್ಚಿರುವ ವಿಪರ್ಯಾಸ ಕಾಣಿಸುತ್ತದೆ. ಕರಡು ಪಟ್ಟಿ ಬಂದಾಗಲೆಲ್ಲ ಇದೇ ಮೊದಲ ಜಗಳ. ಆದರೆ ಕಾನೂನಿನ ದೃಷ್ಟಿಯಲ್ಲಿ ಇದು ಗೆಲ್ಲುವ ವಾದವಲ್ಲ. ಹೊಸ ಗಣತಿಯ ಅಂಕಿ ಪ್ರಕಟವಾಗುವವರೆಗೆ ಹಳೆಯದೇ ದಾಖಲೆ.

ಬೆಂಗಳೂರಿನ ಗೆರೆಗಳು ಎಷ್ಟು ಸಲ ಅಳಿಸಿದವು ನೋಡಿ. 2020ರವರೆಗೆ 198 ವಾರ್ಡ್. ಆ ವರ್ಷದ ಡಿಸೆಂಬರ್‌ನಲ್ಲಿ ಹೈಕೋರ್ಟ್ 198 ವಾರ್ಡ್‌ಗಳಿಗೇ ಚುನಾವಣೆ ನಡೆಸಿ ಎಂದಿತು, ಎರಡೇ ವಾರದಲ್ಲಿ ಸುಪ್ರೀಂ ಕೋರ್ಟ್‌ನಿಂದ ತಡೆಯಾಜ್ಞೆ ಬಂತು. ಹೊಸ ಬಿಬಿಎಂಪಿ ಕಾಯ್ದೆಯಡಿ 2022ರ ಜುಲೈನಲ್ಲಿ 243 ವಾರ್ಡ್. ಸರ್ಕಾರ ಬದಲಾದ ಮೇಲೆ 2023ರ ಸೆಪ್ಟೆಂಬರ್‌ನಲ್ಲಿ 225. ಆಮೇಲೆ ಪಾಲಿಕೆಯೇ ಹೋಯಿತು: ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ 15ಕ್ಕೆ ಜಾರಿಗೆ ಬಂತು, ಸೆಪ್ಟೆಂಬರ್ 2ರಂದು ಮುಖ್ಯಮಂತ್ರಿ ಅಧ್ಯಕ್ಷತೆಯ ಪ್ರಾಧಿಕಾರವೂ ಅದರಡಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ಪಾಲಿಕೆಗಳೂ ಅಸ್ತಿತ್ವಕ್ಕೆ ಬಂದವು. ಸೆಪ್ಟೆಂಬರ್ ಕೊನೆಯಲ್ಲಿ 368 ವಾರ್ಡ್‌ಗಳ ಕರಡು, ನವೆಂಬರ್‌ನಲ್ಲಿ 369ರ ಅಂತಿಮ ಪಟ್ಟಿ. 2011ರ ಗಣತಿಯ ಸುಮಾರು 84.4 ಲಕ್ಷ ಜನರನ್ನು ಹಂಚಿದರೆ 198ರ ಲೆಕ್ಕದಲ್ಲಿ ವಾರ್ಡಿಗೆ ಸರಾಸರಿ 42,600 ಜನ, 369ರ ಲೆಕ್ಕದಲ್ಲಿ 23 ಸಾವಿರಕ್ಕೂ ಕಡಿಮೆ. ಸಣ್ಣ ವಾರ್ಡು ಮತದಾರರಿಗೆ ಒಳ್ಳೆಯದೇ. ತಕರಾರು ಅದರ ಬಗ್ಗೆ ಅಲ್ಲ. ಪ್ರತಿ ಸಲ ಗೆರೆ ಬದಲಾದಾಗ ಮೀಸಲಾತಿ ಪಟ್ಟಿ, ಮತದಾರರ ಪಟ್ಟಿ ಎರಡನ್ನೂ ಮೊದಲಿನಿಂದ ಮಾಡಬೇಕು. ಗಡಿ ಬದಲಿಸಿದವರಿಗೆ ಒಂದೂವರೆ ವರ್ಷ ಸುಮ್ಮನೆ ಸಿಗುತ್ತದೆ.

ಗ್ರಾಮೀಣ ಭಾಗದಲ್ಲಿ ನಡೆದದ್ದು ಇನ್ನೂ ನೇರವಾದ ದಾರಿ. 2021ರಲ್ಲಿ ರಾಜ್ಯ ಚುನಾವಣಾ ಆಯೋಗ ಜಿ.ಪಂ., ತಾ.ಪಂ. ಕ್ಷೇತ್ರಗಳನ್ನು ಗುರುತಿಸಿ ಕರಡು ಮೀಸಲಾತಿಯನ್ನೂ ಪ್ರಕಟಿಸಿತ್ತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಪಂಚಾಯತ್ ರಾಜ್ ಕಾಯ್ದೆಗೆ ತಿದ್ದುಪಡಿ ತಂದು ಪುನರ್‌ವಿಂಗಡಣೆಯ ಅಧಿಕಾರವನ್ನು ಆಯೋಗದ ಕೈಯಿಂದ ತೆಗೆದು ಪ್ರತ್ಯೇಕ ಸೀಮಾ ನಿರ್ಣಯ ಆಯೋಗಕ್ಕೆ ಕೊಡಲಾಯಿತು. ಹೊಸ ಆಯೋಗ ಎಂದರೆ ಹೊಸ ನೇಮಕ, ಹೊಸ ಕಚೇರಿ, ಹೊಸ ಪತ್ರ ವ್ಯವಹಾರ. ಮೇಲಿಂದ ಮೇಲೆ ಕಾಲಾವಕಾಶ ಕೇಳಿದ ಸರ್ಕಾರಕ್ಕೆ 2022ರ ಡಿಸೆಂಬರ್‌ನಲ್ಲಿ ಹೈಕೋರ್ಟ್ 5 ಲಕ್ಷ ರೂಪಾಯಿ ದಂಡ ಹಾಕಿತು. ಲಕ್ಷ ಕೋಟಿಗಳಲ್ಲಿ ಬಜೆಟ್ ಮಂಡಿಸುವ ರಾಜ್ಯಕ್ಕೆ 5 ಲಕ್ಷ ಯಾವ ಲೆಕ್ಕ? ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂಬ ಗಾದೆ ಸರ್ಕಾರಿ ವಕೀಲರಿಗೆ ಚೆನ್ನಾಗಿ ಗೊತ್ತು.

ಇದಕ್ಕೆ ಜನಗಣತಿಯ ಗಂಟೂ ಸೇರಿಕೊಂಡಿದೆ. ಮುಂದಿನ ಗಣತಿಗೆ 2027ರ ಮಾರ್ಚ್ 1 ಆಧಾರ ದಿನ. ಎಣಿಕೆ ನಡೆಯುವಾಗ ಗಡಿಗಳು ಅಲುಗಾಡಬಾರದು ಎಂದು ಜಿಲ್ಲೆ, ತಾಲ್ಲೂಕು, ಪಟ್ಟಣ, ಗ್ರಾಮಗಳ ಗಡಿ ಬದಲಾವಣೆಗಳನ್ನೆಲ್ಲ 2025ರ ಡಿಸೆಂಬರ್ 31ರೊಳಗೆ ಮುಗಿಸಿಕೊಳ್ಳುವಂತೆ ರಾಜ್ಯಗಳಿಗೆ ಸೂಚಿಸಲಾಗಿತ್ತು. ಇದು ಎರಡು ಅಲಗಿನ ಕತ್ತಿ. ಗಡಿ ಸ್ಥಿರವಾದರೆ ಅದರ ಮೇಲೆ ಚುನಾವಣೆ ಸಲೀಸು. ‘ಹೊಸ ಗಣತಿ ಬರಲಿ, ಆಮೇಲೆ ನೋಡೋಣ’ ಎನ್ನಲು ಬಯಸುವವರಿಗೂ ಇದು ಒಳ್ಳೆಯ ನೆಪ.

ಎರಡನೇ ಕಾಗದ: ಮೀಸಲಾತಿ ಮತ್ತು ತ್ರಿವಳಿ ಪರೀಕ್ಷೆ

ಅಸಲು ಸಿಕ್ಕು ಇರುವುದು ಇಲ್ಲಿ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಕ್ಕೆ ಆಯಾ ಸಂಸ್ಥೆಯ ಜನಸಂಖ್ಯೆಯಲ್ಲಿ ಇರುವ ಪಾಲಿನಷ್ಟು ಸ್ಥಾನ ಕೊಡಲೇಬೇಕು, ಇದು ಸಂವಿಧಾನದ ಆಜ್ಞೆ. ನೌಕರಿ, ಶಿಕ್ಷಣದಲ್ಲಿ ಎಷ್ಟು ಶೇಕಡಾ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ; ಇಲ್ಲಿ ನಡೆಯುವುದು ಗಣತಿಯ ಸಂಖ್ಯೆ ಮಾತ್ರ. ಹಿಂದುಳಿದ ವರ್ಗಗಳ ವಿಷಯ ಬೇರೆ. ಅವರಿಗೆ ಮೀಸಲಾತಿ ಕೊಡಬಹುದು ಎಂದು 243ಡಿ(6), 243ಟಿ(6) ವಿಧಿಗಳು ರಾಜ್ಯಕ್ಕೆ ಅಧಿಕಾರ ಕೊಟ್ಟಿವೆಯೇ ಹೊರತು ಎಷ್ಟು ಎಂದು ಹೇಳಿಲ್ಲ. 2011ರ ಗಣತಿಯಲ್ಲಿ ಅವರ ಎಣಿಕೆಯೂ ಇಲ್ಲ.

2010ರ ಮೇ 11ರಂದು ಕೆ. ಕೃಷ್ಣಮೂರ್ತಿ ಪ್ರಕರಣದಲ್ಲಿ ಸಂವಿಧಾನ ಪೀಠ ತೀರ್ಪು ಕೊಟ್ಟಿತು. ಅದರಲ್ಲಿ ಪ್ರಶ್ನೆಗೊಳಗಾದ ಕಾನೂನುಗಳಲ್ಲಿ ನಮ್ಮ 1993ರ ಪಂಚಾಯತ್ ರಾಜ್ ಕಾಯ್ದೆಯೂ ಒಂದು. ಮೀಸಲಾತಿ ಸರಿ, ಆದರೆ ಸಾಮಾಜಿಕ, ಶೈಕ್ಷಣಿಕ ಹಿಂದುಳಿದಿರುವಿಕೆ ಬೇರೆ, ರಾಜಕೀಯ ಹಿಂದುಳಿದಿರುವಿಕೆ ಬೇರೆ ಎಂದಿತು ಪೀಠ. ಶಾಲೆ, ನೌಕರಿಯಲ್ಲಿ ಹಿಂದಿರುವ ಸಮುದಾಯ ಊರಿನ ರಾಜಕೀಯದಲ್ಲಿ ಮುಂದಿರಬಹುದು. ಆದ್ದರಿಂದ ಹಳೆಯ ಜಾತಿಪಟ್ಟಿಯನ್ನು ಹಾಗೇ ಎತ್ತಿ ಚುನಾವಣೆಗೆ ಹಚ್ಚುವಂತಿಲ್ಲ. ಅಲ್ಲದೆ ಅನುಸೂಚಿತ ಪ್ರದೇಶಗಳನ್ನು (ಬುಡಕಟ್ಟು ಜನರು ಹೆಚ್ಚಿರುವ, ಸಂವಿಧಾನದಡಿ ಗುರುತಿಸಿದ ಪ್ರದೇಶಗಳು) ಬಿಟ್ಟು ಎಲ್ಲ ಕಡೆ ಒಟ್ಟು ಮೀಸಲು ಶೇ 50 ಮೀರುವಂತಿಲ್ಲ.

ಹತ್ತು ವರ್ಷ ಬಹುತೇಕ ರಾಜ್ಯಗಳು ಇದನ್ನು ಓದಿಯೂ ಓದದಂತೆ ಇದ್ದವು. 2021ರ ಮಾರ್ಚ್ 4ರಂದು ಮಹಾರಾಷ್ಟ್ರದ ವಿಕಾಸ್ ಕಿಶನ್‌ರಾವ್ ಗವಳಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಹಲ್ಲು ಕೊಟ್ಟಿತು. ತ್ರಿವಳಿ ಪರೀಕ್ಷೆ ಎಂಬ ಹೆಸರು ಬಂದದ್ದು ಅಲ್ಲಿಂದ. ಮೊದಲನೆಯದು, ಸ್ಥಳೀಯ ಸಂಸ್ಥೆಗಳಲ್ಲಿನ ಹಿಂದುಳಿದಿರುವಿಕೆಯನ್ನು ಇಂದಿನ ಅಂಕಿಅಂಶಗಳ ಮೇಲೆ ಅಧ್ಯಯನ ಮಾಡಲೆಂದೇ ಒಂದು ಆಯೋಗ. ಎರಡನೆಯದು, ಆ ವರದಿಯ ಆಧಾರದಲ್ಲಿ ಪ್ರತಿ ಸಂಸ್ಥೆಗೂ ಬೇರೆ ಬೇರೆಯಾಗಿ ಪ್ರಮಾಣ ನಿಗದಿ; ಇಡೀ ರಾಜ್ಯಕ್ಕೆ ಒಂದೇ ಅಂಕಿ ಹೊಡೆದುಬಿಡುವುದಲ್ಲ. ಮೂರನೆಯದು, ಎಲ್ಲ ಸೇರಿ ಶೇ 50ರ ಗೆರೆ. ಮಹಾರಾಷ್ಟ್ರದ ಕಾಯ್ದೆಯಲ್ಲಿ ಕಣ್ಣುಮುಚ್ಚಿ ಬರೆದಿದ್ದ ಶೇ 27 ಈ ಪರೀಕ್ಷೆಯ ಮುಂದೆ ನಿಲ್ಲಲಿಲ್ಲ. ಆ ರಾಜ್ಯ ತರಾತುರಿಯಲ್ಲಿ ತಂದ ಮಧ್ಯಂತರ ವರದಿಯನ್ನೂ 2022ರ ಮಾರ್ಚ್‌ನಲ್ಲಿ ನ್ಯಾಯಾಲಯ ಒಪ್ಪಲಿಲ್ಲ. ಉತ್ತರ ಪ್ರದೇಶ ಆಯೋಗವನ್ನೇ ಮಾಡದೆ ಪಟ್ಟಿ ಹೊರಡಿಸಿದ್ದಕ್ಕೆ 2022ರ ಡಿಸೆಂಬರ್ 27ರಂದು ಅಲಹಾಬಾದ್ ಹೈಕೋರ್ಟ್ ಆ ಕರಡನ್ನು ರದ್ದು ಮಾಡಿತು.

ಕರ್ನಾಟಕ 2022ರ ಮೇ ತಿಂಗಳಲ್ಲಿ ನಿವೃತ್ತ ನ್ಯಾಯಮೂರ್ತಿ ಕೆ. ಭಕ್ತವತ್ಸಲ ಅವರ ಆಯೋಗ ರಚಿಸಿತು. ಜುಲೈನಲ್ಲಿ ವರದಿ ಬಂತು: ಹಿಂದುಳಿದ ವರ್ಗಗಳಿಗೆ ಮೂರನೇ ಒಂದು ಭಾಗ, ಆದರೆ ಒಟ್ಟು ಶೇ 50 ದಾಟದಂತೆ. ಕೇಳಲು ಸರಳ. ಲೆಕ್ಕಕ್ಕೆ ಕೂತಾಗ ತೊಡಕು ಗೊತ್ತಾಗುತ್ತದೆ. 2011ರ ಪ್ರಕಾರ ರಾಜ್ಯದಲ್ಲಿ ಪರಿಶಿಷ್ಟ ಜಾತಿ ಶೇ 17.15, ಪರಿಶಿಷ್ಟ ಪಂಗಡ ಶೇ 6.95, ಒಟ್ಟು 24.1. ಐವತ್ತರಲ್ಲಿ ಇದನ್ನು ಕಳೆದರೆ ಉಳಿಯುವುದು 25.9. ಅಂದರೆ ರಾಜ್ಯದ ಸರಾಸರಿಯಲ್ಲಿ ಮೂರನೇ ಒಂದು ಭಾಗಕ್ಕೆ ಜಾಗವೇ ಇಲ್ಲ.

ಒಂದು ಕಾಲ್ಪನಿಕ ಗ್ರಾಮ ಪಂಚಾಯಿತಿಯನ್ನು ತೆಗೆದುಕೊಳ್ಳೋಣ. ಜನಸಂಖ್ಯೆ 8,000, ಆದ್ದರಿಂದ 20 ಸ್ಥಾನ. ಪರಿಶಿಷ್ಟ ಜಾತಿಯವರು 1,760, ಅಂದರೆ ಶೇ 22; ಇಪ್ಪತ್ತರಲ್ಲಿ 4.4, ಹತ್ತಿರದ ಪೂರ್ಣ ಸಂಖ್ಯೆ 4. ಪರಿಶಿಷ್ಟ ಪಂಗಡ 800, ಶೇ 10, 2 ಸ್ಥಾನ. ಸೇರಿ 6. ಮಿತಿ 10. ಹಿಂದುಳಿದ ವರ್ಗಕ್ಕೆ ಮೂರನೇ ಒಂದು ಭಾಗ ಎಂದರೆ 6.67 ಆಗಬೇಕಿತ್ತು, ಆದರೆ ಸಿಗುವುದು 4. ಈ ನಾಲ್ಕನ್ನು ಹಿಂದುಳಿದವರೊಳಗಿನ ಎರಡು ಗುಂಪುಗಳಲ್ಲಿ ‘ಎ’ ವರ್ಗಕ್ಕೆ ಶೇ 80, ‘ಬಿ’ ವರ್ಗಕ್ಕೆ ಶೇ 20 ಎಂದು ಹಂಚಿದರೆ 3 ಮತ್ತು 1. ಉಳಿದ 10 ಸಾಮಾನ್ಯ. ಪಕ್ಕದ ಪಂಚಾಯಿತಿಯಲ್ಲಿ ಪರಿಶಿಷ್ಟರು ಶೇ 40 ಇದ್ದರೆ ಅವರಿಗೆ 8, ಹಿಂದುಳಿದವರಿಗೆ 2. ಶೇ 50 ತಲುಪಿದ ಕಡೆ ಹಿಂದುಳಿದ ವರ್ಗಕ್ಕೆ ಸೊನ್ನೆ. ಪರಿಶಿಷ್ಟರು ಶೇ 14 ಮಾತ್ರ ಇರುವ ಕಡೆ 3 ಸ್ಥಾನ ಅವರಿಗೆ, 7 ಹಿಂದುಳಿದವರಿಗೆ: ಇಲ್ಲಿ ಮೂರನೇ ಒಂದು ಭಾಗ ಪೂರ್ತಿ ಸಿಕ್ಕಿತು. ಒಂದೇ ಹೋಬಳಿಯ ನಾಲ್ಕು ಪಂಚಾಯಿತಿಗಳಲ್ಲಿ ನಾಲ್ಕು ಅಂಕಿ ಬರುವುದು ತಪ್ಪಲ್ಲ, ಕಾನೂನು ಕೇಳುವುದೇ ಅದನ್ನು. ಸ್ಥಾನಗಳ ಸಂಖ್ಯೆ ಬೆಸವಾದಾಗ ಎಚ್ಚರ ಬೇಕು: 13 ಸ್ಥಾನಗಳಲ್ಲಿ ಮೀಸಲು 6 ದಾಟುವಂತಿಲ್ಲ, ಏಳಾದರೆ ಸುಮಾರು ಶೇ 54 ಆಗಿಬಿಡುತ್ತದೆ.

ಮಹಿಳಾ ಮೀಸಲಾತಿಯನ್ನು ಈ ಐವತ್ತರೊಳಗೆ ಸೇರಿಸಿ ಗೊಂದಲ ಮಾಡಿಕೊಳ್ಳುವವರು ಬಹಳ. ಅದು ಅಡ್ಡಡ್ಡ ಹೋಗುವ ಮೀಸಲಾತಿ. ಸಂವಿಧಾನ ಹೇಳುವುದು ಕನಿಷ್ಠ ಮೂರನೇ ಒಂದು, ಕರ್ನಾಟಕದಲ್ಲಿ ಅರ್ಧ. ಮೇಲಿನ ಉದಾಹರಣೆಯಲ್ಲಿ ಪರಿಶಿಷ್ಟ ಜಾತಿಯ 4ರಲ್ಲಿ 2, ಪಂಗಡದ 2ರಲ್ಲಿ 1, ಸಾಮಾನ್ಯದ 10ರಲ್ಲಿ 5 ಹೀಗೆ ಪ್ರತಿ ಗುಂಪಿನ ಒಳಗೇ ಅರ್ಧ ತೆಗೆಯಬೇಕು. ‘ಬಿ’ ವರ್ಗದ ಒಂಟಿ ಸ್ಥಾನದಂಥ ಕಡೆಗಳಲ್ಲೇ ತಕರಾರು ಹುಟ್ಟುವುದು. 2022ರ ಸೆಪ್ಟೆಂಬರ್ 30ರಂದು ಹೈಕೋರ್ಟ್ ಬೆಂಗಳೂರಿನ 243 ವಾರ್ಡ್‌ಗಳ ಪಟ್ಟಿಯಲ್ಲಿ ಹಿಂದುಳಿದ ವರ್ಗ ಮತ್ತು ಮಹಿಳಾ ಮೀಸಲಾತಿಯನ್ನು ರದ್ದು ಮಾಡಿ, ಡಿಸೆಂಬರ್ 31ರೊಳಗೆ ಚುನಾವಣೆ ಮುಗಿಸಿ ಎಂದಿತ್ತು. ಆ ಡಿಸೆಂಬರ್ 31 ಬಂತು, ಹೋಯಿತು.

ಕಾಗದ ಇಲ್ಲದಿದ್ದರೆ ಹಳೆಯದರಲ್ಲೇ ನಡೆಸಿ

2022ರ ಮೇ 10ರ ಸುರೇಶ್ ಮಹಾಜನ್ ಪ್ರಕರಣದ ಆದೇಶ ಈ ಇಡೀ ಕಥೆಯ ತಿರುವು. ಮಧ್ಯಪ್ರದೇಶದಲ್ಲಿ ಸಾವಿರಾರು ಸಂಸ್ಥೆಗಳು ಚುನಾಯಿತರಿಲ್ಲದೆ ನಡೆಯುತ್ತಿದ್ದವು. ಪುನರ್‌ವಿಂಗಡಣೆ ಆಗಿಲ್ಲ, ತ್ರಿವಳಿ ಪರೀಕ್ಷೆ ಮುಗಿದಿಲ್ಲ ಎಂಬುದು ಸರ್ಕಾರದ ಉತ್ತರ. ಸುಪ್ರೀಂ ಕೋರ್ಟ್ ಎರಡೂ ನೆಪಗಳನ್ನು ಕಿತ್ತುಹಾಕಿತು. ಗಡಿ ಕೆಲಸ ಮುಗಿದಿಲ್ಲವೇ? ಕೊನೆಯ ಸಲ ಇದ್ದ ಗಡಿಯಲ್ಲೇ ನಡೆಸಿ. ತ್ರಿವಳಿ ಪರೀಕ್ಷೆ ಆಗಿಲ್ಲವೇ? ಆ ಸ್ಥಾನಗಳನ್ನು ಸಾಮಾನ್ಯ ಎಂದು ಅಧಿಸೂಚಿಸಿ. ಪರಿಶಿಷ್ಟರ ಮೀಸಲಾತಿ ಮಾತ್ರ ಮುಟ್ಟಬೇಡಿ. ಮತ್ತು ಇದು ಆ ರಾಜ್ಯಕ್ಕಷ್ಟೇ ಅಲ್ಲ, ಎಲ್ಲ ರಾಜ್ಯಗಳಿಗೂ ಅನ್ವಯ. ಮಧ್ಯಪ್ರದೇಶ ಎಂಟೇ ದಿನದಲ್ಲಿ ಆಯೋಗದ ವರದಿ ಹಿಡಿದು ಬಂದು ಮೀಸಲಾತಿಗೆ ಒಪ್ಪಿಗೆ ಪಡೆಯಿತು. ವರ್ಷಗಟ್ಟಲೆ ಆಗದ ಕೆಲಸ, ಸೀಟು ಕೈತಪ್ಪುತ್ತದೆ ಎಂದಾಗ ಎಂಟು ದಿನದಲ್ಲಿ ಆಯಿತು. ಅದೇ ಮೇ 20ರಂದು ಬೆಂಗಳೂರಿನ ವಿಷಯದಲ್ಲೂ ಎಂಟು ವಾರಗಳಲ್ಲಿ ಗಡಿ, ಮೀಸಲಾತಿ ಮುಗಿಸಿ ಎಂಬ ಆದೇಶ ಬಂತು.

ಹಾಗಿದ್ದೂ ಇಷ್ಟು ವರ್ಷ ಹೇಗೆ ಎಳೆದಿದೆ? ಏಕೆಂದರೆ ಆದೇಶದಲ್ಲಿ ಬಿರುಕೊಂದು ಉಳಿದಿದೆ. ಹಳೆಯ ಗಡಿಯಲ್ಲಿ ನಡೆಸಬೇಕೆಂದರೆ ಹಳೆಯ ಸಂಸ್ಥೆ ಇರಬೇಕಲ್ಲ? ವಿಧಾನಮಂಡಲ ಹೊಸ ಕಾಯ್ದೆ ಮಾಡಿ ಸಂಸ್ಥೆಯನ್ನೇ ಬದಲಿಸಿದರೆ ಹಳೆಯ 198 ವಾರ್ಡ್‌ಗಳಿಗೆ ಕಾನೂನಿನ ನೆಲೆಯೇ ಇರುವುದಿಲ್ಲ. ಕಾನೂನು ಮಾಡುವ ಅಧಿಕಾರವನ್ನು ನ್ಯಾಯಾಲಯ ಸುಲಭಕ್ಕೆ ಮುಟ್ಟದು. ಮಹಾರಾಷ್ಟ್ರದಲ್ಲೂ ಇದೇ ನಡೆಯಿತು: ಮುಂಬೈ ಪಾಲಿಕೆಯ ಅವಧಿ 2022ರ ಮಾರ್ಚ್‌ನಲ್ಲಿ ಮುಗಿದಿತ್ತು, ವಾರ್ಡ್ ಸಂಖ್ಯೆಯ ಜಗ್ಗಾಟದಲ್ಲಿ ಮೂರು ವರ್ಷ ಕಳೆಯಿತು. 2025ರ ಮೇ 6ರಂದು ಸುಪ್ರೀಂ ಕೋರ್ಟ್, ಹಿಂದುಳಿದ ವರ್ಗಗಳ ಕುರಿತ ಆಯೋಗದ 2022ರ ವರದಿಗೆ ಮುನ್ನ ಇದ್ದ ಮೀಸಲಾತಿಯಂತೆಯೇ ನಾಲ್ಕು ವಾರದಲ್ಲಿ ಅಧಿಸೂಚನೆ ಹೊರಡಿಸಿ, ನಾಲ್ಕು ತಿಂಗಳಲ್ಲಿ ಮುಗಿಸಿ ಎಂದಿತು. ಆ ಗಡುವನ್ನೂ ಸೆಪ್ಟೆಂಬರ್‌ನಲ್ಲಿ 2026ರ ಜನವರಿ 31ರವರೆಗೆ ವಿಸ್ತರಿಸಬೇಕಾಯಿತು.

ಚುನಾವಣಾ ಆಯುಕ್ತರು ಯಾರಾಗಿರಬೇಕು ಎಂಬ ಬಗ್ಗೆಯೂ 2021ರ ಮಾರ್ಚ್ 12ರ ಗೋವಾ ತೀರ್ಪು ಮುಖ್ಯ. ಅಲ್ಲಿ ರಾಜ್ಯದ ಕಾನೂನು ಕಾರ್ಯದರ್ಶಿಗೇ ಆಯುಕ್ತರ ಹೆಚ್ಚುವರಿ ಹೊಣೆ ಕೊಟ್ಟಿದ್ದರು. ಸರ್ಕಾರದ ಸಂಬಳದಲ್ಲಿರುವವರು ಆ ಕುರ್ಚಿಯಲ್ಲಿ ಕೂರುವಂತಿಲ್ಲ ಎಂದಿತು ನ್ಯಾಯಾಲಯ.

ಅದೇ ತೀರ್ಪು ಇನ್ನೊಂದು ಗೊಂದಲವನ್ನೂ ಬಿಡಿಸಿತು. 243ಒ ಮತ್ತು 243ಜೆಡ್‌ಜಿ ವಿಧಿಗಳ ಪ್ರಕಾರ ಕ್ಷೇತ್ರ ವಿಂಗಡಣೆ, ಸ್ಥಾನ ಹಂಚಿಕೆಯ ಕಾನೂನನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವಂತಿಲ್ಲ. ಚುನಾವಣೆಯನ್ನು ಪ್ರಶ್ನಿಸುವುದಾದರೆ ಫಲಿತಾಂಶದ ನಂತರ ಚುನಾವಣಾ ತಕರಾರು ಅರ್ಜಿಯ ಮೂಲಕ ಮಾತ್ರ. ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. ಅಧಿಸೂಚನೆಗೆ ಮುನ್ನ ಕಣ್ಣಿಗೆ ರಾಚುವ ತಪ್ಪಿದ್ದರೆ, ಅದನ್ನು ತಿದ್ದುವುದರಿಂದ ಚುನಾವಣೆ ಸುಗಮವಾಗುವುದಿದ್ದರೆ ಹೈಕೋರ್ಟ್ ಕೈಹಾಕಬಹುದು. ಗೋವಾದ ಐದು ಪುರಸಭೆಗಳ ಮೀಸಲಾತಿ ಪಟ್ಟಿ ರದ್ದಾದದ್ದು ಹೀಗೆ. ಒಮ್ಮೆ ಚುನಾವಣೆಯ ಅಧಿಸೂಚನೆ ಹೊರಬಿತ್ತೆಂದರೆ ಬಾಗಿಲು ಮುಚ್ಚಿತು ಎಂದೇ ತಿಳಿಯಬೇಕು.

ಆಡಳಿತಾಧಿಕಾರಿ ಇದ್ದರೆ ಏನು ನಷ್ಟ?

ಮೊದಲ ನಷ್ಟ ದುಡ್ಡಿನದ್ದು. 2021–26ರ ಅವಧಿಗೆ 15ನೇ ಹಣಕಾಸು ಆಯೋಗದ ಗ್ರಾಮೀಣ ಅನುದಾನದಲ್ಲಿ ಗ್ರಾಮ ಪಂಚಾಯಿತಿಗೆ ಶೇ 70ರಿಂದ 85, ತಾಲ್ಲೂಕಿಗೆ 10ರಿಂದ 25, ಜಿಲ್ಲೆಗೆ 5ರಿಂದ 15 ಎಂದು ಪಾಲು ಇಡಲಾಗಿತ್ತು. ಷರತ್ತು: ಸಂಸ್ಥೆ ವಿಧಿವತ್ತಾಗಿ ಚುನಾಯಿತವಾಗಿರಬೇಕು. ಚುನಾಯಿತ ಸದಸ್ಯರಿಲ್ಲದ ತಾ.ಪಂ., ಜಿ.ಪಂ.ಗಳ ಪಾಲು ನಿಲ್ಲುತ್ತದೆ. ಕುಡಿಯುವ ನೀರಿನ ಪೈಪು, ಶಾಲೆಯ ಕಾಂಪೌಂಡು, ಅಂಗನವಾಡಿಯ ದುರಸ್ತಿ ಎಲ್ಲ ಅಲ್ಲಿಗೆ ನಿಂತ ಹಾಗೆ.

ಎರಡನೆಯದು ಲೆಕ್ಕಕ್ಕೆ ಸಿಗದ್ದು. ಆಡಳಿತಾಧಿಕಾರಿ ಸಮರ್ಥರೇ ಇರಬಹುದು, ಆದರೆ ಅವರಿಗೆ ಬೇರೆಯೂ ಹುದ್ದೆ ಇರುತ್ತದೆ. ಬೀದಿದೀಪ ಉರಿಯದಿದ್ದರೆ ಬೆಳಿಗ್ಗೆ ಮನೆ ಬಾಗಿಲಿಗೆ ಹೋಗಿ ಕೇಳಲು ಸದಸ್ಯರಿಲ್ಲ. ಕಡತ ಕಚೇರಿಯಿಂದ ಕಚೇರಿಗೆ ಸುತ್ತುತ್ತದೆ, ಸಭೆಯಲ್ಲಿ ಎದ್ದು ನಿಂತು ‘ಈ ಬಿಲ್ಲು ಯಾವ ಕಾಮಗಾರಿಗೆ?’ ಎನ್ನುವವರು ಇರುವುದಿಲ್ಲ.

ಕರಡು ಬಂದ ಮೇಲೆ ಇರುವುದು ಕೆಲವೇ ದಿನ

ನ್ಯಾಯಾಲಯದ ಬಾಗಿಲು ಬೇಗ ಮುಚ್ಚುವುದರಿಂದ ನಾಗರಿಕರಿಗೆ ನಿಜವಾದ ಅವಕಾಶ ಕರಡಿನ ಹಂತದಲ್ಲಿ. ಆಕ್ಷೇಪಣೆಗೆ ಕೊಡುವುದು ಸಾಮಾನ್ಯವಾಗಿ ಏಳರಿಂದ ಹದಿನೈದು ದಿನ. ಎಷ್ಟು, ಯಾರಿಗೆ ಸಲ್ಲಿಸಬೇಕು ಎಂಬುದು ಕರಡು ಅಧಿಸೂಚನೆಯ ಮೊದಲ ಪುಟದಲ್ಲೇ ಇರುತ್ತದೆ. ಎಣಿಕೆ ಶುರುವಾಗುವುದು ರಾಜ್ಯಪತ್ರದಲ್ಲಿ ಪ್ರಕಟವಾದ ದಿನದಿಂದ, ಪೇಪರಿನಲ್ಲಿ ಸುದ್ದಿ ಓದಿದ ದಿನದಿಂದ ಅಲ್ಲ.

ಗಡಿಯ ಕರಡಿಗೆ ಬರುವ ಆಕ್ಷೇಪಣೆಗಳಲ್ಲಿ ಬಹುಪಾಲು ತಿರಸ್ಕೃತವಾಗಲು ಕಾರಣ ಒಂದೇ, ಅವುಗಳಲ್ಲಿ ಅಭಿಪ್ರಾಯ ಇರುತ್ತದೆ, ಅಂಕಿ ಇರುವುದಿಲ್ಲ. ‘ನಮ್ಮ ಬಡಾವಣೆಗೆ ಅನ್ಯಾಯವಾಗಿದೆ’ ಎಂದು ಬರೆದರೆ ಅದು ಕಡತಕ್ಕೆ ಸೇರಿ ಮುಗಿಯಿತು. ವಾರ್ಡಿನ ಸಂಖ್ಯೆ, ಚಕ್ಕುಬಂದಿಯಲ್ಲಿ ತಪ್ಪಿರುವ ರಸ್ತೆ ಅಥವಾ ಹಳ್ಳ, ಗಣತಿಯ ಯಾವ ಬ್ಲಾಕು ಎರಡಾಗಿ ಸೀಳಿದೆ, ಸಂಸ್ಥೆಯ ಸರಾಸರಿಗಿಂತ ಈ ವಾರ್ಡಿನ ಜನಸಂಖ್ಯೆ ಎಷ್ಟು ಹೆಚ್ಚು ಅಥವಾ ಕಡಿಮೆ, ಯಾವ ಬ್ಲಾಕನ್ನು ಎಲ್ಲಿಗೆ ಸೇರಿಸಿದರೆ ಅದು ಸರಿಹೋಗುತ್ತದೆ: ಇಷ್ಟು ಒಂದು ಪುಟದಲ್ಲಿ ನಕಾಶೆ ಸಮೇತ ಇದ್ದರೆ ಅಧಿಕಾರಿ ಉತ್ತರ ಬರೆಯಲೇಬೇಕಾಗುತ್ತದೆ. ಪರಿಹಾರ ಸೂಚಿಸದ ಆಕ್ಷೇಪಣೆ ಅರ್ಧ ಆಕ್ಷೇಪಣೆ.

ಮೀಸಲಾತಿಯ ಕರಡನ್ನು ಓದುವ ಬಗೆ ಬೇರೆ. ಪೆನ್ನು ಹಿಡಿದು ಮೊದಲು ಒಟ್ಟು ಕೂಡಿ: ಮೂರು ಗುಂಪು ಸೇರಿ ಅರ್ಧ ಮೀರಿದೆಯೇ? ಮಹಿಳೆಯರು ಪ್ರತಿ ಗುಂಪಿನಲ್ಲೂ ಅರ್ಧ ಇದ್ದಾರೆಯೇ, ಅಥವಾ ಎಲ್ಲರನ್ನೂ ಒಂದೇ ಗುಂಪಿಗೆ ತಳ್ಳಿ ಒಟ್ಟು ಲೆಕ್ಕ ಸರಿಮಾಡಿದ್ದಾರೆಯೇ? ಆಮೇಲೆ ವಾರ್ಡ್‌ಗಳನ್ನು ಪರಿಶಿಷ್ಟರ ಶೇಕಡಾವಾರು ಇಳಿಕೆಯ ಕ್ರಮದಲ್ಲಿ ಜೋಡಿಸಿ. ಸಾಮಾನ್ಯವಾಗಿ ಮೇಲಿನಿಂದ ಹಂಚಿಕೆ ಶುರುವಾಗಿ ಸರದಿಯಂತೆ ಕೆಳಗಿಳಿಯಬೇಕು. ನಡುವೆ ಒಂದು ವಾರ್ಡನ್ನು ಹಾರಿ ಮುಂದಿನದಕ್ಕೆ ಹೋಗಿದ್ದರೆ ಕಾರಣ ಕೇಳಿ. ಹಿಂದಿನ ಚುನಾವಣೆಯ ಪಟ್ಟಿ ಪಕ್ಕದಲ್ಲಿಟ್ಟುಕೊಂಡರೆ ಸರದಿ ತಪ್ಪಿದ್ದು ಎದ್ದು ಕಾಣುತ್ತದೆ. ಆದರೆ ಗಡಿಯೇ ಬದಲಾಗಿದ್ದರೆ ಹಳೆಯ ವಾರ್ಡಿಗೂ ಹೊಸದಕ್ಕೂ ಹೋಲಿಕೆ ನಿಲ್ಲುವುದಿಲ್ಲ. ಸರದಿಯನ್ನು ಮತ್ತೆ ಒಂದರಿಂದ ಶುರು ಮಾಡಲು ಗಡಿ ಬದಲಾವಣೆಯಷ್ಟು ಅನುಕೂಲ ಬೇರೊಂದಿಲ್ಲ ಎಂಬುದು ಇದನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು.

ಆಕ್ಷೇಪಣೆಗೆ ಸ್ವೀಕೃತಿ ಪಡೆಯುವುದನ್ನು ಮರೆಯಬೇಡಿ. ಮುದ್ರೆ, ದಿನಾಂಕ ಇರುವ ಪ್ರತಿ ಕೈಯಲ್ಲಿಲ್ಲದಿದ್ದರೆ ಮುಂದೆ ಹೈಕೋರ್ಟ್‌ಗೆ ಹೋದಾಗ ಮೊದಲ ಪ್ರಶ್ನೆಯೇ ‘ಕರಡಿನ ಹಂತದಲ್ಲಿ ಸುಮ್ಮನಿದ್ದಿರೇಕೆ?’ ಎಂದಾಗಿರುತ್ತದೆ.

ಕೊನೆಯದಾಗಿ ಮತದಾರರ ಪಟ್ಟಿ. ಸ್ಥಳೀಯ ಚುನಾವಣೆಗೆ ವಿಧಾನಸಭಾ ಪಟ್ಟಿಯನ್ನೇ ಆಧಾರ ಮಾಡಿಕೊಂಡು ವಾರ್ಡ್‌ವಾರು ಹರಿದು ಹಂಚುತ್ತಾರೆ. ಹರಿಯುವಾಗ ಒಂದೇ ಬೀದಿಯ ಎಡಬದಿ ಒಂದು ವಾರ್ಡಿಗೆ, ಬಲಬದಿ ಇನ್ನೊಂದಕ್ಕೆ ಹೋಗಬೇಕಾದಲ್ಲಿ ಇಡೀ ಬೀದಿ ಒಂದೇ ಕಡೆ ಬೀಳುವುದು ಮಾಮೂಲಿ ತಪ್ಪು. ವಿಧಾನಸಭೆಗೆ ಮತ ಹಾಕಿದ್ದೇನೆ, ಹೆಸರು ಇದ್ದೇ ಇರುತ್ತದೆ ಎಂದುಕೊಂಡವರು ಮತದಾನದ ಬೆಳಿಗ್ಗೆ ಪಕ್ಕದ ವಾರ್ಡಿನ ಪಟ್ಟಿಯಲ್ಲಿ ತಮ್ಮ ಹೆಸರು ಹುಡುಕಿಕೊಳ್ಳಬೇಕಾಗುತ್ತದೆ. ಕರಡು ಮತದಾರರ ಪಟ್ಟಿ ಪಂಚಾಯಿತಿ ಅಥವಾ ವಾರ್ಡ್ ಕಚೇರಿಯ ಫಲಕಕ್ಕೆ ಬಿದ್ದ ವಾರದಲ್ಲೇ ಹೋಗಿ, ಹೆಸರಿನ ಜೊತೆಗೆ ವಾರ್ಡಿನ ಸಂಖ್ಯೆಯನ್ನೂ ನೋಡಿ ಬನ್ನಿ.